ದಿಬ್ಬಣದ ಮಾಳದ ಐದು ಗಿಡ್ಡ ಕಲ್ಲು

ಷಡಕ್ಷರಪ್ಪನ ಮದುವೆಗೆ ಅಡ್ಡ ನಿಂತದ್ದು ಕಲ್ಲುಗಳು. ಮಾಳೇನಹಳ್ಳಿಯ ದೇವೀರಪ್ಪನ ಮಗಳು ಸಾವಿತ್ರಿಯನ್ನು ಅವನು ಒಪ್ಪಿದ್ದ, ಅವಳೂ ಒಪ್ಪಿದ್ದಳು. ಜಾತಿ ಒಂದೇ. ಮಠದ ಅಯ್ಯನವರು ಜಾತಕ ನೋಡಿ ಆಗಬಹುದು ಎಂದೂ ಆಗಿತ್ತು. ಆದರೆ ಹೊನ್ನೇಕೊಪ್ಪಲಿನವರು ಮಾಳೇನಹಳ್ಳಿಯಿಂದ ಹೆಣ್ಣು ತರುವುದಿಲ್ಲ. ಎರಡು ಊರಿನ ನಡುವೆ ಇರುವುದು ಎರಡು ಮೈಲಿ ಮಾಳ, ಅಷ್ಟೇ. ಎರಡೂ ಊರಿನ ದನ ಅಲ್ಲಿ ಕೂಡಿ ಮೇಯುತ್ತವೆ, ಜಾವಗಲ್ ಸಂತೆಗೆ ಎರಡೂ ಊರಿನ ಗಾಡಿ ಒಂದೇ ಜಾಡಿನಲ್ಲಿ ಹೋಗುತ್ತವೆ. ಹೆಣ್ಣು ಮಾತ್ರ ಆ ಮಾಳ ದಾಟುವುದಿಲ್ಲ.

"ಆ ಊರಿನ ಹೆಣ್ಣು ನಮಗೆ ಆಗಾಕಿಲ್ಲ" ಎಂದ ಅವನ ಅಪ್ಪ ಚನ್ನಬಸವಯ್ಯ. ಜಗಲಿಯ ಮೇಲೆ ಕೂತು ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದವನು ತಲೆ ಎತ್ತಲಿಲ್ಲ.

"ಯಾಕೆ?"

"ಗೊತ್ತಿಲ್ಲದವನಂಗೆ ಕೇಳ್ಬ್ಯಾಡ. ಮಾಳದಾಗೆ ಕಲ್ಲು ನಿಂತಿಲ್ವಾ? ಅಲ್ಲಿಂದ ಇಲ್ಲಿಗೆ ಹೆಣ್ಣಿನ ದಿಬ್ಬಣ ಬತ್ತಿತ್ತು. ತಿರುಗಿ ನೋಡಬಾರ್ದು ಅಂತ ದೇವರ ಅಪ್ಪಣೆ. ಮದುಮಗಳು ತವರಿನ ಆಸೆಗೆ ತಿರುಗಿ ನೋಡಿದ್ಲು. ನಿಂತೋರು ನಿಂತಂಗೇ ಕಲ್ಲಾದ್ರು."

"ಯಾವಾಗ?"

"ನಿಂಗೆ ತಾರೀಕು ಬೇಕೇನ್ಲಾ?"

"ಬೇಕು" ಎಂದ ಷಡಕ್ಷರಪ್ಪ.

ಚನ್ನಬಸವಯ್ಯ ಎಲೆ ಮಡಿಸಿ ಬಾಯಿಗಿಟ್ಟುಕೊಂಡು ಒಳಗೆ ಹೋದ. ಮಾತು ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಅವನ ಮಾತಿಗೆ ಎದುರು ಆಡುವವರಿರಲಿಲ್ಲ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಇದ್ದಾಗಲೂ ಆಕೆ ಆಡಿದವಳಲ್ಲ.

ಷಡಕ್ಷರಪ್ಪನಿಗೆ ಇಪ್ಪತ್ತೈದು. ಅರಸೀಕೆರೆ ತಾಲ್ಲೂಕು ಕಚೇರಿಯಲ್ಲಿ ಮೋಜಣಿದಾರ, ಎಂದರೆ ಸರಪಳಿ ಎಳೆಸಿ ಭೂಮಿ ಅಳೆಯುವ ಕೆಲಸ. ನಾಲ್ಕು ವರ್ಷದಲ್ಲಿ ಒಂದು ವಿಷಯ ಅವನಿಗೆ ಚೆನ್ನಾಗಿ ಗೊತ್ತಾಗಿತ್ತು: ಒಂದು ಕಲ್ಲಿನ ಬಗ್ಗೆ ಇಬ್ಬರು ಎರಡು ಮಾತು ಹೇಳಿದರೆ, ಮೊದಲು ಕಲ್ಲನ್ನು ನೋಡಬೇಕು. ಚಿಕ್ಕಂದಿನಿಂದ ಆ ಕಲ್ಲುಗಳ ಪಕ್ಕದಲ್ಲೇ ಓಡಾಡಿದ್ದ. ನೋಡಿರಲಿಲ್ಲ.

ನೋಡುವ ಸಂದರ್ಭ ತಾನಾಗಿ ಬಂತು. ಆ ವರ್ಷದ ಮಾಘದಲ್ಲಿ, ಅದು ಸಾವಿರದ ಒಂಬೈನೂರ ಮೂವತ್ತೇಳು, ಮಾಳೇನಹಳ್ಳಿಯ ಗೋಮಾಳ ಅಳೆದು ನಕ್ಷೆ ಮಾಡಬೇಕೆಂದು ಕಚೇರಿಯಿಂದ ಹುಕುಂ ಬಂತು. ಸರಪಳಿ ಹಿಡಿಯುವ ಕರಿಯಣ್ಣನನ್ನು ಕರೆದುಕೊಂಡು ಅವನು ಬೆಳಿಗ್ಗೆ ಬೆಳಿಗ್ಗೆಯೇ ಮಾಳಕ್ಕೆ ಹೋದ.

ಕರಿಯಣ್ಣ ಬಾಣಾವರದ ಕಡೆಯವನು, ಕುರುಬರವನು, ಐವತ್ತು ದಾಟಿದ ಆಸಾಮಿ. ಕಲ್ಲುಗಳನ್ನು ಕಂಡವನೇ ಸರಪಳಿ ಕೆಳಗಿಟ್ಟು ನಿಂತುಬಿಟ್ಟ.

"ದಿಬ್ಬಣ ಅಂತೀರಲ್ಲ ಸ್ವಾಮಿ, ಇದು ದಿಬ್ಬಣ ಅಲ್ಲ. ಮೋರಿಯರದು."

"ಯಾರು ಮೋರಿಯರು?"

"ಮೊಳದುದ್ದ ಮನುಷ್ಯರು. ನಮಗಿಂತ ಮೊದ್ಲು ಇದ್ದೋರು. ಬೆಂಕಿ ಮಳೆ ಹುಯ್ತೈತೆ ಅಂತ ಗೊತ್ತಾಗಿ ಕಲ್ಲಿನ ಮನೆ ಕಟ್ಕೊಂಡ್ರು. ಮಳೆ ಹುಯ್ತು, ಒಳಗೇ ಬೆಂದೋದ್ರು."

"ಮೊಳದುದ್ದದವರು ಈ ಕಲ್ಲು ಎತ್ತಿದರಾ?"

ಕರಿಯಣ್ಣ ಎತ್ತರದ ಕಲ್ಲನ್ನು ಬುಡದಿಂದ ತುದಿಯವರೆಗೆ ನೋಡಿದ. ಅದು ಎರಡು ಆಳಿಗೂ ಮಿಕ್ಕಿ ಎತ್ತರವಿತ್ತು, ಪಡುವಲಿಗೆ ಸ್ವಲ್ಪ ವಾಲಿಕೊಂಡಿತ್ತು.

"ಅವರಿಗೆ ಬಲ ಇತ್ತು" ಎಂದ. "ಎಲ್ಲಾ ಕೇಳಿದ್ರೆ ನಾ ಎಲ್ಲಿಂದ ಹೇಳ್ಲಿ? ನಮ್ಮಜ್ಜಿ ಇಷ್ಟೇ ಹೇಳಿದ್ದು."

ಷಡಕ್ಷರಪ್ಪ ನಕ್ಕು ಕೆಲಸಕ್ಕೆ ಇಳಿದ. ಅಪ್ಪನ ಕತೆ ನಿಜವಾದರೆ ಕಲ್ಲುಗಳು ಒಂದು ಸಾಲಿನಲ್ಲಿರಬೇಕು. ದಿಬ್ಬಣ ಎಂದಮೇಲೆ ಮುಂದೆ ಓಲಗ, ನಡುವೆ ಹೆಣ್ಣು, ಹಿಂದೆ ಬೀಗರು. ಸಾಲು ಮಾಳೇನಹಳ್ಳಿಯ ಕಡೆಯಿಂದ ಕೊಪ್ಪಲಿನ ಕಡೆಗೆ ಹೋಗಬೇಕು. ಅವನು ಒಂದೊಂದು ಕಲ್ಲಿನಿಂದ ಇನ್ನೊಂದಕ್ಕೆ ಸರಪಳಿ ಎಳೆಸಿದ, ದಿಕ್ಸೂಚಿ ಇಟ್ಟು ಕೋನ ಬರೆದುಕೊಂಡ, ಮಧ್ಯಾಹ್ನದ ಹೊತ್ತಿಗೆ ಹಾಳೆಯ ಮೇಲೆ ಚುಕ್ಕೆ ಇಟ್ಟ. ಇಪ್ಪತ್ತೆರಡು ದೊಡ್ಡ ಕಲ್ಲು. ಮೊಳಕಾಲೆತ್ತರದ ಗಿಡ್ಡ ಕಲ್ಲು ಐದು.

ದೊಡ್ಡ ಕಲ್ಲುಗಳು ಸಾಲಾಗಿರಲಿಲ್ಲ. ರಾಗಿ ಪೈರು ನಾಟಿ ಹಾಕಿದ ಹಾಗೆ ಅಡ್ಡಕ್ಕೂ ಉದ್ದಕ್ಕೂ ಲೆಕ್ಕವಾಗಿ ನಿಂತಿದ್ದವು. ಯಾವ ಊರಿಗೂ ಹೊರಟ ಹಾಗಿರಲಿಲ್ಲ.

"ಇವರು ಎಲ್ಲಿಗೂ ಹೋಗ್ತಾ ಇರಲಿಲ್ಲ ಕರಿಯಣ್ಣ."

"ಮನೆ ಅಂತ ನಾ ಹೇಳ್ಲಿಲ್ವಾ? ಮನೆ ಎಲ್ಲಿಗೆ ಹೋಗ್ತೈತೆ?"

ಊಟಕ್ಕೆ ದೇವೀರಪ್ಪನ ಮನೆಯಿಂದ ಕರೆ ಬಂದಿತ್ತು. ದೇವೀರಪ್ಪ ನಲವತ್ತೈದರ ಗಟ್ಟಿ ಆಳು, ಮಾತು ಕಡಿಮೆ. ಮನೆಯಲ್ಲಿ ಅವನ ಅಕ್ಕ ಕೆಂಚಮ್ಮನೂ ಇದ್ದಳು. ಆಕೆಗೆ ಐವತ್ತು. ಕೊರಳಲ್ಲಿ ತಾಳಿಯಿಲ್ಲ, ಆದರೆ ವಿಧವೆಯೂ ಅಲ್ಲ. ಎಂದೋ ಮದುವೆ ಮುರಿದುಹೋಯಿತು, ಆಮೇಲೆ ಯಾರೂ ಕೇಳಲಿಲ್ಲ ಎಂದಷ್ಟೇ ಸಾವಿತ್ರಿ ಒಮ್ಮೆ ಹೇಳಿದ್ದಳು. ಮನೆಯ ಯಜಮಾನಿಕೆ ಮಾತ್ರ ಪೂರ್ತಿ ಆಕೆಯದೇ.

ಮುದ್ದೆ ಮುರಿಯುತ್ತಾ ಷಡಕ್ಷರಪ್ಪ ಕಲ್ಲಿನ ಮಾತು ತೆಗೆದ. "ನಿಮ್ಮೂರಲ್ಲಿ ಏನು ಹೇಳ್ತಾರೆ ಮಾವ? ಮದುಮಗಳು ತಿರುಗಿ ನೋಡಿದಳು ಅಂತಾನೇ?"

"ತಿರುಗಿ ನೋಡಿದ್ಲಾ? ಅದು ನಿಮ್ಮೂರಿನ ಕತೆ." ದೇವೀರಪ್ಪನ ಮುಖ ಬಿಗಿಯಿತು. "ಹೆಣ್ಣಿನ ದಿಬ್ಬಣ ಗಡಿಗೆ ಬಂದ್ರೆ ಗಂಡಿನ ಕಡೆಯೋರು ಬಂದು ಇದಿರುಗೊಳ್ಳಬೇಕು. ಕಾಲಿಗೆ ನೀರು, ಕುಡಿಯೋಕೆ ಪಾನಕ. ಅದು ಪದ್ಧತಿ. ನಿಮ್ಮೋರು ಬರಲಿಲ್ಲ. ಕಾದೂ ಕಾದೂ ಕಲ್ಲಾದ್ರು. ಇದು ನಮ್ಮೂರಿನ ಕತೆ."

"ಹಾಗಾದ್ರೆ ತಪ್ಪು ನಮ್ಮದಾ?"

"ನಿಮ್ಮಪ್ಪನ್ನ ಕೇಳು."

ಬಾಗಿಲ ಮರೆಯಲ್ಲಿ ಸಾವಿತ್ರಿ ನಗು ತಡೆದುಕೊಂಡಳು. "ಅತ್ತೆ, ಮೋಜಣಿದಾರ್ರು ಕತೇನೂ ಸರಪಳೀಲಿ ಅಳೀತಾರಂತೆ."

"ಅಳೀಲಿ ಬಿಡು" ಎಂದಳು ಕೆಂಚಮ್ಮ. ಸಾರು ಬಡಿಸುತ್ತಿದ್ದವಳು ಅಷ್ಟು ಮಾತ್ರ ಹೇಳಿ ಒಲೆಯ ಕಡೆಗೆ ತಿರುಗಿದಳು.

ಒಂದೇ ಕಲ್ಲು, ಎರಡು ಊರು, ಎರಡು ಕತೆ. ಇವರ ಪ್ರಕಾರ ತಪ್ಪು ಅವರದು, ಅವರ ಪ್ರಕಾರ ಇವರದು. ಗಡಿ ತಕರಾರಿನಲ್ಲಿ ಹೀಗೆ ಮಾತು ಕೇಳಿದರೆ ಷಡಕ್ಷರಪ್ಪ ಹಳೆಯ ದಾಖಲೆ ಹುಡುಕುತ್ತಿದ್ದ. ಈ ಕಲ್ಲಿಗೆ ದಾಖಲೆ ಎಲ್ಲಿರಬೇಕು? ಆಗ ಅವನಿಗೆ ಬಸ್ತಿಹಳ್ಳಿಯ ಚಂದ್ರಪ್ರಭ ನೆನಪಾದರು.

ಚಂದ್ರಪ್ರಭ ಜೈನರು, ಹಳೇಬೀಡಿನ ಮಗ್ಗುಲಲ್ಲೇ ಜಮೀನು, ಜೊತೆಗೆ ಜವಳಿ ವ್ಯಾಪಾರ. ಶಾಸನ, ಹಳೆಯ ನಾಣ್ಯ, ಮುರಿದ ವಿಗ್ರಹ ಎಂದರೆ ಅಂಗಡಿ ಮುಚ್ಚಿ ಎದ್ದುಬಿಡುವ ಗೀಳು. ಅವರ ಜಮೀನು ಅಳೆಯಲು ಹೋದಾಗ ಪರಿಚಯವಾಗಿತ್ತು. ಭಾನುವಾರ ಷಡಕ್ಷರಪ್ಪ ಸೈಕಲ್ ತುಳಿದುಕೊಂಡು ಹೋದ. ತಲುಪಿದಾಗ ಇಳಿಹೊತ್ತು.

"ಮೊದಲು ಊಟ, ಆಮೇಲೆ ಮಾತು" ಎಂದರು ಚಂದ್ರಪ್ರಭ. "ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಬಾಯಿಗೆ ಏನೂ ಹಾಕುವುದಿಲ್ಲ. ನಿಮ್ಮನ್ನು ಉಪವಾಸ ಕೆಡವಿದ ಪಾಪ ನನಗೆ ಬೇಡ."

ಊಟವಾದ ಮೇಲೆ ಬಸದಿಯ ಕಟ್ಟೆಯ ಮೇಲೆ ಕೂತು ನಕ್ಷೆ ಬಿಚ್ಚಿದರು. ಚಂದ್ರಪ್ರಭ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಬಹಳ ಹೊತ್ತು ನೋಡಿದರು.

"ಇಂಥವನ್ನು ನಾನು ಎರಡು ಕಡೆ ನೋಡಿದ್ದೇನೆ ಷಡಕ್ಷರಪ್ಪನವರೇ. ಇವು ಹೊಯ್ಸಳರ ಕಾಲದ್ದಲ್ಲ, ಅದಕ್ಕೂ ಹಿಂದಿನವು. ಅಕ್ಷರ ಬರೆಯದ ಜನ ನಿಲ್ಲಿಸಿದ್ದು. ಸತ್ತವರಿಗೋಸ್ಕರ ಇರಬಹುದು ಎನ್ನುತ್ತಾರೆ ತಿಳಿದವರು. ಯಾರಿಗೂ ಖಚಿತವಿಲ್ಲ."

"ಹಾಗಾದರೆ ದಿಬ್ಬಣದ ಕತೆ ಸುಳ್ಳು."

"ಕತೆ ಎಲ್ಲ ಕಡೆಯೂ ಇದೆ. ನಾನು ನೋಡಿದ ಎರಡು ಕಡೆಯೂ ದಿಬ್ಬಣದ ಕಲ್ಲು ಅಂತಲೇ ಕರೆಯುತ್ತಾರೆ. ಕಲ್ಲು ನಿಂತದ್ದು ಕಂಡರೆ ಜನಕ್ಕೆ ಜನರೇ ನಿಂತ ಹಾಗೆ ಕಾಣುತ್ತದೆ. ಆದರೆ..." ಚಂದ್ರಪ್ರಭ ಕನ್ನಡಕ ತೆಗೆದರು. "ಅಲ್ಲೆಲ್ಲ ಅಕ್ಕಪಕ್ಕದ ಊರಿನವರು ಹೆಣ್ಣು ಕೊಟ್ಟು ತಂದು ಮಾಡುತ್ತಾರೆ. ಈ ಕತೆಯ ಸಲುವಾಗಿ ಯಾರೂ ಮದುವೆ ನಿಲ್ಲಿಸಿಲ್ಲ. ನಿಮ್ಮಲ್ಲಿ ಮಾತ್ರ ಯಾಕೆ?"

ಈ ಪ್ರಶ್ನೆ ಷಡಕ್ಷರಪ್ಪನಿಗೆ ಹೊಳೆದಿರಲಿಲ್ಲ.

"ಇನ್ನೊಂದು. ಈ ಐದು ಚುಕ್ಕೆ ಏನು? ಲೆಕ್ಕಕ್ಕೆ ಕೂಡುತ್ತಿಲ್ಲ. ಉಳಿದವು ಅಚ್ಚುಕಟ್ಟಾಗಿವೆ, ಇವು ಒಂದು ಮೂಲೆಯಲ್ಲಿ ಗುಂಪಾಗಿವೆ."

"ಗಿಡ್ಡ ಕಲ್ಲು. ಮಕ್ಕಳು ಅಂತಾರೆ ನಮ್ಮೂರಲ್ಲಿ. ದಿಬ್ಬಣದ ಜೊತೆ ಬಂದ ಮಕ್ಕಳು."

"ಹೋಗಿ ನೋಡಿ. ಮಕ್ಕಳಾದರೂ ದೊಡ್ಡ ಕಲ್ಲುಗಳ ಕಾಲದವೇ ಹೌದೋ ಅಲ್ಲವೋ ನೋಡಿ. ಏನು ಅಂತ ನನಗೂ ಕಾಗದ ಬರೆಯಿರಿ. ಇಲ್ಲದಿದ್ದರೆ ನನಗೆ ನಿದ್ದೆ ಬರುವುದಿಲ್ಲ."

ಮಂಗಳವಾರ ಷಡಕ್ಷರಪ್ಪ ಮತ್ತೆ ಮಾಳದಲ್ಲಿದ್ದ. ಈ ಸಲ ದೊಡ್ಡ ಕಲ್ಲುಗಳ ಕಡೆ ಹೋಗಲೇ ಇಲ್ಲ. ಐದು ಗಿಡ್ಡ ಕಲ್ಲಿನ ಮುಂದೆ ಮಂಡಿಯೂರಿ ಕೂತು ಒಂದೊಂದರ ಮೈ ಸವರಿ ನೋಡಿದ. ದೊಡ್ಡವು ಬಂಡೆಯಿಂದ ತಾನಾಗಿ ಸಿಡಿದ ಚಪ್ಪಡಿ, ಎಲ್ಲಿಯೂ ಉಳಿ ತಾಕಿಲ್ಲ. ಇವುಗಳ ಅಂಚಿನಲ್ಲಿ ಬೆರಳು ಹೋಗುವಷ್ಟು ಗುಳಿಗಳ ಸಾಲು ಇತ್ತು. ಒಡ್ಡರು ಚಾಣ ಬಡಿದು ಬಂಡೆ ಸೀಳಿದ ಗುರುತು. ಕಬ್ಬಿಣದ ಚಾಣ. ಈಗಿನ ಕೆಲಸ. ಹೆಚ್ಚೆಂದರೆ ನಲವತ್ತು ವರ್ಷ.

ಮೋಜಣಿದಾರನಿಗೆ ಗೊತ್ತಿರುವ ಚಾಣದ ಕಲ್ಲು ಒಂದೇ: ಸರ್ವೆಯವರು ಗಡಿಗೆ ನೆಡುವ ಬಾಂದುಕಲ್ಲು. ಐದು ಬಾಂದುಕಲ್ಲು ಗಡಿಯಲ್ಲಿರದೆ ಗೋಮಾಳದ ನಡುವೆ ಬಂದು ಕೂತಿವೆ ಎಂದರೆ ಯಾರೋ ಕಿತ್ತು ತಂದಿದ್ದಾರೆ. ಗೋಮಾಳಕ್ಕೆ ತಾಗಿದ ಹೊಲ ಯಾರದು? ದೇವೀರಪ್ಪನದು. ಷಡಕ್ಷರಪ್ಪನಿಗೆ ಎಲ್ಲ ಒಂದೇ ಸಲಕ್ಕೆ ಅರ್ಥವಾದ ಹಾಗಾಯಿತು. ಕಲ್ಲು ಕಿತ್ತು ಹೊಲ ಅಗಲ ಮಾಡಿಕೊಂಡದ್ದಕ್ಕೆ ಊರೂರಿಗೆ ವೈರ ಹುಟ್ಟಿರಬೇಕು, ಅದಕ್ಕೆ ಕತೆಯ ಮುಸುಕು ಹಾಕಿರಬೇಕು.

ಹೊಲದಲ್ಲಿ ಅವರೆ ಕೀಳುತ್ತಿದ್ದ ದೇವೀರಪ್ಪನನ್ನು ಕೂಗಿ ಕರೆದ.

"ಈ ಕಲ್ಲು ಇಲ್ಲಿಗೆ ಯಾರು ತಂದಿದ್ದು?"

"ನಮ್ಮಪ್ಪ."

"ಬಾಂದುಕಲ್ಲು ಕಿತ್ತರೆ ಶಿಕ್ಷೆ ಆಗುತ್ತೆ, ಗೊತ್ತಿತ್ತಾ ಅವರಿಗೆ?"

ದೇವೀರಪ್ಪ ಕೈಯಲ್ಲಿದ್ದ ಅವರೆ ಗಿಡವನ್ನು ನೆಲಕ್ಕೆ ಬಿಸಾಕಿದ. ಮುಖ ಕೆಂಡವಾಗಿತ್ತು. "ನನ್ನ ಮಗಳನ್ನ ಕೇಳೋಕೆ ಬಂದೋನು ನಮ್ಮಪ್ಪನ್ನ ಕಳ್ಳ ಅಂತೀಯಾ? ಕೀಳು. ಧೈರ್ಯ ಇದ್ರೆ ಕಿತ್ತು ನೋಡು." ಅಷ್ಟು ಹೇಳಿ ಬಿರಬಿರನೆ ಊರಿನ ಕಡೆ ನಡೆದ.

"ಬ್ಯಾಡ ಸ್ವಾಮಿ" ಎಂದ ಕರಿಯಣ್ಣ. "ಆವಯ್ಯನ ಮೊಕ ನೋಡಿದ್ರಾ? ಕಳ್ಳನ ಮೊಕ ಹಂಗಿರಾಕಿಲ್ಲ."

"ಹಳೇ ಸರ್ವೆಯವರು ಕಲ್ಲಿನ ಬುಡದಲ್ಲಿ ಇದ್ದಿಲು ಹೂಳ್ತಿದ್ರು. ಇದ್ದಿಲು ಸಿಕ್ಕರೆ ಬಾಂದುಕಲ್ಲು, ಸಿಗದಿದ್ರೆ ಅಲ್ಲ. ಅಗಿ."

ಕರಿಯಣ್ಣ ಗುದ್ದಲಿ ತಗೊಂಡ, ಆದರೆ ಕೈ ನಿಧಾನವಾಗಿತ್ತು. ಒಂದು ಗೇಣು ಅಗೆದಿರಬಹುದು. ಅಷ್ಟರಲ್ಲಿ ಜಾಡಿನಲ್ಲಿ ಕೆಂಚಮ್ಮ ಬರುತ್ತಿರುವುದು ಕಂಡಿತು. ಅವಸರವಿಲ್ಲದೆ ಬಂದಳು. ಗುಂಡಿಯನ್ನೂ ನೋಡಿದಳು, ಷಡಕ್ಷರಪ್ಪನನ್ನೂ ನೋಡಿದಳು.

"ಅಗೀಬೇಡ" ಎಂದಳು. "ಅದು ನಮ್ಮವ್ವ."

ಕರಿಯಣ್ಣ ಗುದ್ದಲಿ ಕೆಳಗಿಟ್ಟು ತಲೆಗೆ ಸುತ್ತಿದ್ದ ವಸ್ತ್ರ ತೆಗೆದ.

ಕೆಂಚಮ್ಮ ಪಕ್ಕದ ಕಲ್ಲಿನ ಮೇಲೆ ಕೈಯಿಟ್ಟಳು. "ಇದು ನಮ್ಮ ಚಿಕ್ಕಪ್ಪ. ಇದು ಓಲಗದ ಸಣ್ಣಯ್ಯ. ಆ ಎರಡು ನನ್ನ ಜೊತೆ ಬಂದಿದ್ದ ಹುಡುಗೀರು, ಒಂದು ಮನೆಯ ಅಕ್ಕ ತಂಗಿ. ಇಲ್ಲೇ ಹೂತಿದ್ದು, ಕಲ್ಲು ಆಮೇಲೆ ನಮ್ಮಪ್ಪ ಸೀಳಿಸಿ ತಂದು ನೆಟ್ಟ. ಕೂತ್ಕೋ. ನಿಂತ್ಕೊಂಡು ಕೇಳೋ ಮಾತಲ್ಲ."

ಷಡಕ್ಷರಪ್ಪ ಕೂತ.

"ಮೊದಲನೇ ಪ್ಲೇಗು ಬಂದ ವರ್ಷ. ನಂಗೆ ಹನ್ನೆರಡು. ಕೊಪ್ಪಲಿಗೆ ನನ್ನ ಕೊಡೋದು ಅಂತಾಯ್ತು. ಆಗ ಗಂಡಿನ ಮನೇಲಿ ಮದುವೆ. ದಿಬ್ಬಣ ಹೊರಡೋ ಹಿಂದಿನ ದಿನ ನಮ್ಮೂರಿನ ಎರಡು ಮನೇಲಿ ಇಲಿ ಸತ್ತು ಬಿದ್ದಿತ್ತು. ನಮ್ಮಪ್ಪನಿಗೆ ಗೊತ್ತಿತ್ತು. ಮುಹೂರ್ತ ತಪ್ಪಬಾರದು ಅಂತ ಯಾರಿಗೂ ಹೇಳದೆ ಹೊರಟ. ಅವನ ತಪ್ಪಿಲ್ಲ ಅಂತ ನಾ ಹೇಳಾಕಿಲ್ಲ. ಈ ಕಲ್ಲಿನ ಹತ್ರ ಬರೋ ಹೊತ್ಗೆ ಸುದ್ದಿ ಕೊಪ್ಪಲಿಗೆ ನಮಗಿಂತ ಮೊದ್ಲು ಮುಟ್ಟಿತ್ತು. ಜಾಡಿಗೆ ಕಾರೆಮುಳ್ಳು ಎಳೆದು ಹತ್ತು ಜನ ಕೋಲು ಹಿಡಿದು ನಿಂತಿದ್ರು. ಒಳಗೆ ಕಾಲಿಡಬೇಡಿ ಅಂದ್ರು."

"ವಾಪಸ್ಸು ಹೋಗಬಹುದಿತ್ತಲ್ಲ."

"ಹೋಗೋದು ಅಂತ ತಿರುಗೋ ಹೊತ್ಗೆ ಸಣ್ಣಯ್ಯ ಬಿದ್ದ. ಕಂಕುಳಲ್ಲಿ ಗಡ್ಡೆ. ಆಮೇಲೆ ನಮ್ಮವ್ವ. ಎತ್ಕೊಂಡು ಹೋಗೋರು ಯಾರು? ಊರಿಗೆ ಊರೇ ಖಾಲಿಯಾಗಿ ಜನ ಹೊಲಹೊಲದಾಗೆ ಗುಡಿಸಲು ಹಾಕಿದ್ರು. ಇಲ್ಲೇ ಕೂತ್ವಿ. ನಾಲ್ಕು ದಿನ. ಕೊಪ್ಪಲಿನ ನೀರಿನ ಕುಂಟೆ ಅಲ್ಲಿ ಕಾಣ್ತೈತೆ ನೋಡು, ಕೂಗಿದ್ರೆ ಕೇಳೋ ದೂರ. ಆ ಕುಂಟೆ ಹತ್ರಾನೂ ಕೋಲು ಹಿಡಿದೋರು ಇದ್ರು."

ಷಡಕ್ಷರಪ್ಪ ಆ ಕಡೆ ನೋಡಿದ. ಅವನು ಈಜು ಕಲಿತ ಕುಂಟೆ ಅದು.

"ತಡೆದಿದ್ದು ತಪ್ಪು ಅಂತ ನಾನು ಯಾವತ್ತೂ ಅಂದೋಳಲ್ಲ" ಎಂದಳು ಕೆಂಚಮ್ಮ. "ಅವರಿಗೂ ಮಕ್ಕಳು ಮರಿ ಇದ್ವು. ನಾವು ಅವರ ಜಾಗದಲ್ಲಿದ್ರೂ ತಡೀತಿದ್ವಿ. ಆದ್ರೆ ನೀರು? ಒಂದು ಬಿಂದಿಗೆ ತಂದು ದೂರದಲ್ಲಿ ಇಟ್ಟು ಹೋಗಬಹುದಿತ್ತು. ನಾವು ಮುಟ್ಟಿದ ಬಿಂದಿಗೆ ಒಡೆದು ಹಾಕಬಹುದಿತ್ತು. ನಮ್ಮವ್ವ ಎರಡು ದಿನ ನೀರು ನೀರು ಅಂತ ಬಾಯಿ ಬಿಟ್ಕೊಂಡು ಸತ್ಲು. ಅದನ್ನ ಅವರು ನಿಂತು ನೋಡಿದ್ರು."

"ಮದುಮಗ ಯಾರು?"

"ಅವನನ್ನ ನಾನು ಮೊದಲು ನೋಡಿದ್ದೇ ಆವತ್ತು. ಯಾರೋ ತೋರಿಸಿದ್ರು, ಅಗೋ ಅವನೇ ಗಂಡು ಅಂತ. ತಲೆಗೆ ಬಾಸಿಂಗ ಕಟ್ಟಬೇಕಾದೋನು ಕೈಲಿ ಕೋಲು ಹಿಡಿದು ಮುಳ್ಳಿನ ಆಚೆ ನಿಂತಿದ್ದ. ನಿಮ್ಮಪ್ಪ, ಚನ್ನಬಸವಯ್ಯ."

ಕರಿಯಣ್ಣ ಅಗೆದ ಮಣ್ಣನ್ನು ಕೈಯಿಂದಲೇ ಮತ್ತೆ ಗುಂಡಿಗೆ ತುಂಬುತ್ತಿದ್ದ.

ಕೆಂಚಮ್ಮ ಇದ್ದಕ್ಕಿದ್ದ ಹಾಗೆ ನಕ್ಕಳು. "ಯಾಕೆ ಹಂಗೆ ನೋಡ್ತೀಯಾ? ಆವತ್ತು ಸರಿಯಾಗಿ ನಡೆದಿದ್ರೆ ನೀನು ನನ್ನ ಮಗ. ಸಾವಿತ್ರಿ ನಿಂಗೆ ಸೋದರಮಾವನ ಮಗಳು. ಯಾರನ್ನೂ ಕೇಳೋ ಹಂಗೇ ಇರ್ತಿರಲಿಲ್ಲ, ಕೈ ಹಿಡಿದು ಎಳ್ಕೊಂಡು ಹೋಗ್ತಿದ್ದೆ."

"ಈಗ ಏನು ಮಾಡಲಿ ಅತ್ತೆ?"

"ದೇವೀರನ ಸಿಟ್ಟು ನಾನು ಇಳಿಸ್ತೀನಿ. ಹುಡುಗಿ ನಿನ್ನ ಒಪ್ಪವಳೆ, ನಾನು ಅಡ್ಡ ಬರಾಕಿಲ್ಲ. ಆದ್ರೆ ಒಂದು ಮಾತು. ದಿಬ್ಬಣ ಇದೇ ಜಾಡಿನಲ್ಲಿ ಬತ್ತೈತೆ. ಈ ಕಲ್ಲಿನ ಹತ್ರ ನಿಮ್ಮಪ್ಪ ಬಂದು ಇದಿರುಗೊಳ್ಳಬೇಕು. ನೀರಿನ ಬಿಂದಿಗೆ ಅವನೇ ಹೊತ್ಕೊಂಡು ಬರ್ಬೇಕು. ಆಳಿನ ಕೈಲಿ ಕಳಿಸಿದ್ರೆ ಇಲ್ಲಿಂದ್ಲೇ ವಾಪಸ್ಸು."

ಷಡಕ್ಷರಪ್ಪ ಮನೆಗೆ ಬಂದಾಗ ಚನ್ನಬಸವಯ್ಯ ಹಿತ್ತಲಲ್ಲಿ ಹಗ್ಗ ಹೊಸೆಯುತ್ತಿದ್ದ. ಷಡಕ್ಷರಪ್ಪ ಸುತ್ತಿ ಬಳಸಿ ಹೇಳುವವನಲ್ಲ.

"ಗಿಡ್ಡ ಕಲ್ಲು ಯಾರು ಅಂತ ಗೊತ್ತಾಯ್ತು."

ಹಗ್ಗ ಹೊಸೆಯುವ ಕೈ ನಿಂತಿತು.

"ಅಗೆದ್ಯಾ?"

"ಅಗೆಯೋಕೆ ಹೋದೆ. ಕೆಂಚಮ್ಮ ಬಂದು ನಿಲ್ಲಿಸಿದ್ರು."

"ಯಾವ ಕೆಂಚಮ್ಮ?" ಕೇಳಿದ ಮೇಲೆ ಚನ್ನಬಸವಯ್ಯನಿಗೆ ತಾನೇ ಅರ್ಥವಾಯಿತು. "ಆಯಮ್ಮ ಬದುಕವ್ಳಾ?"

"ಎರಡು ಮೈಲಿ ದೂರ ಅಪ್ಪಯ್ಯ. ಮೂವತ್ತೆಂಟು ವರ್ಷ. ನೀನು ಕೇಳಲೇ ಇಲ್ವಾ?"

"ಕೇಳಲಿಲ್ಲ."

ಚನ್ನಬಸವಯ್ಯ ಹಗ್ಗವನ್ನು ಮಂಡಿಯ ಕೆಳಗೆ ಒತ್ತಿ ಹಿಡಿದು ಮತ್ತೆ ಹೊಸೆಯಲು ನೋಡಿದ. ಎಳೆ ಕೂಡಲಿಲ್ಲ.

"ಕೊಪ್ಪಲಿನಾಗೆ ಒಬ್ರೂ ಸಾಯಲಿಲ್ಲ" ಎಂದ. "ಸುತ್ತ ಊರೆಲ್ಲಾ ಹಾಳಾಯ್ತು. ನಮ್ಮೂರು ಉಳೀತು. ಅವತ್ತು ಬಿಟ್ಟುಕೊಂಡಿದ್ರೆ ನೀನೂ ಇರ್ತಿರಲಿಲ್ಲ ಕಣ್ಲಾ."

"ಅದು ಸರಿ ಅಂತ ಆಯಮ್ಮನೂ ಹೇಳಿದ್ರು. ತಡೆದಿದ್ದಕ್ಕೆ ಬೇಜಾರಿಲ್ಲವಂತೆ. ನೀರು ಯಾಕೆ ಕೊಡಲಿಲ್ಲ ಅಂತ ಕೇಳ್ತಾರೆ."

ಚನ್ನಬಸವಯ್ಯ ಹಗ್ಗದ ಎಳೆ ಬಿಚ್ಚಿ ಮತ್ತೆ ಕೂಡಿಸಿದ.

"ಹಿರೇರು ಬ್ಯಾಡ ಅಂದ್ರು. ನಂಗೆ ಹದಿನೆಂಟು."

"ಕಲ್ಲಿನ ಕತೆ ಯಾರು ಕಟ್ಟಿದ್ದು?"

"ಅವು ಮೊದ್ಲಿಂದ್ಲೂ ದಿಬ್ಬಣದ ಕಲ್ಲೇ. ಕತೆ ಇತ್ತು. ಹೆಣ್ಣು ತರಬಾರ್ದು ಅನ್ನೋದು ಆಮ್ಯಾಕೆ ಸೇರ್ಕಂಡಿದ್ದು. ಯಾರೂ ಕೂತು ತೀರ್ಮಾನ ಮಾಡ್ಲಿಲ್ಲ. ಅವರು ಕೊಡ್ತಾ ಇರ್ಲಿಲ್ಲ, ನಾವು ಕೇಳ್ತಾ ಇರ್ಲಿಲ್ಲ. ಕೇಳೋ ಮೊಕ ಯಾರಿಗಿತ್ತು? ಮಕ್ಕಳು ಕೇಳಿದ್ರೆ ಕಲ್ಲು ತೋರಿಸ್ತಿದ್ವಿ."

ಷಡಕ್ಷರಪ್ಪ ಕೆಂಚಮ್ಮನ ಮಾತು ಹೇಳಿದ. ಚನ್ನಬಸವಯ್ಯ ಹಗ್ಗ ಎಸೆದು ಎದ್ದ.

"ಮದುವೆ ಮಾಡ್ಕೋ. ಬ್ಯಾಡ ಅನ್ನಾಕಿಲ್ಲ. ಆದ್ರೆ ಹತ್ತೂರು ಜನದ ಮುಂದೆ ಬಿಂದಿಗೆ ಹೊತ್ಕೊಂಡು ಆ ಹೆಂಗಸಿನ ಮುಂದೆ ನಿಲ್ಲಾಕೆ ನನ್ನ ಕೈಲಿ ಆಗಾಕಿಲ್ಲ. ಮಾಳಕ್ಕೆ ನಾನು ಬರಾಕಿಲ್ಲ."

ಈ ಮಾತನ್ನು ಷಡಕ್ಷರಪ್ಪ ಒಂದಕ್ಷರವೂ ಬಿಡದೆ ಮಾಳೇನಹಳ್ಳಿಗೆ ಮುಟ್ಟಿಸಿದ. ಕೆಂಚಮ್ಮ ಕೇಳಿ, ದಿನ ನೋಡಿಸಿ ಎಂದಳು. ದಿಬ್ಬಣ ಹೊರಡುತ್ತದೆ, ಕಲ್ಲಿನ ಹತ್ತಿರ ಕೂರುತ್ತೇವೆ, ಬಂದರೆ ಮದುವೆ, ಬರದಿದ್ದರೆ ಎದ್ದು ಹೋಗುತ್ತೇವೆ ಎಂದಳು. ಇಷ್ಟು ಹೊತ್ತಿಗೆ ನಿಜವಾದ ಸಂಗತಿ ಎರಡೂ ಊರಿನ ಎಳೆಯರಿಗೆಲ್ಲ ತಿಳಿದುಹೋಗಿತ್ತು. ಕೊಪ್ಪಲಿನ ಮುದುಕರು ಒಂದು ವಾರ ಜಗಲಿಗೆ ಬರಲಿಲ್ಲ. ಚಂದ್ರಪ್ರಭರಿಗೆ ಷಡಕ್ಷರಪ್ಪ ಕಾಗದ ಬರೆದ. ಕಲ್ಲು ಎರಡು ಕಾಲದ್ದು, ನಿಮ್ಮ ಊಹೆ ಸರಿ, ಉಳಿದದ್ದನ್ನು ಮುಖತಃ ಹೇಳುತ್ತೇನೆ ಎಂದಷ್ಟೇ ಬರೆದ.

ಮದುವೆ ಫಾಲ್ಗುಣದಲ್ಲಿ. ಹೊತ್ತು ಮೂಡುವ ಮೊದಲೇ ದಿಬ್ಬಣ ಬಂದು ಕಲ್ಲುಗಳ ನಡುವೆ ಇಳಿದಿತ್ತು. ಗಂಡಿನ ಕಡೆಯಿಂದ ಓಲಗದವರು, ನೆಂಟರು, ಕಳಸ ಹಿಡಿದ ಮುತ್ತೈದೆಯರು ಎಲ್ಲ ಹೊರಟರು. ಚನ್ನಬಸವಯ್ಯ ಹಿತ್ತಲ ಬಾಗಿಲು ಹಾಕಿಕೊಂಡು ಒಳಗಿದ್ದ. ಮದುಮಗ ಇದಿರುಗೊಳ್ಳಲು ಹೋಗುವ ಪದ್ಧತಿಯಿಲ್ಲ, ಆದರೂ ಷಡಕ್ಷರಪ್ಪ ಹೋದ. ಚಪ್ಪರದಲ್ಲಿ ಕೂತು ಸುದ್ದಿಗೆ ಕಾಯುವುದು ಅವನಿಂದ ಆಗುತ್ತಿರಲಿಲ್ಲ.

ಮಾಳದಲ್ಲಿ ಎರಡು ಗುಂಪು ಎದುರುಬದುರು ಕೂತವು. ನಡುವೆ ಜಾಡು. ಓಲಗದವರು ಎರಡು ಸಲ ಊದಿ ನಿಲ್ಲಿಸಿದರು. ಸಾವಿತ್ರಿ ಎತ್ತರದ ಕಲ್ಲಿನ ನೆರಳಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಬಿಸಿಲೇರಿದ ಹಾಗೆ ನೆರಳು ಸರಿಯಿತು, ಅವಳೂ ಸರಿದು ಕೂತಳು. ಕೆಂಚಮ್ಮ ಗಿಡ್ಡ ಕಲ್ಲುಗಳ ಹತ್ತಿರ ಒಂದು ಚಾಪೆ ಹಾಸಿಕೊಂಡು ಎಲೆ ಅಡಿಕೆ ಹಾಕುತ್ತಿದ್ದಳು.

"ಮುಹೂರ್ತ ಹತ್ತೂವರೆಗೆ" ಎಂದು ಅಯ್ಯನವರು ಮೂರನೇ ಸಲ ಹೇಳಿದರು.

"ಇನ್ನೂ ಎಷ್ಟು ಹೊತ್ತು ಅಕ್ಕ?" ಎಂದ ದೇವೀರಪ್ಪ.

"ನಾಲ್ಕು ದಿನ ಕೂತ ಜಾಗ ಇದು. ನಾಲ್ಕು ಗಳಿಗೆ ಕೂರೋಕಾಗಲ್ವಾ ನಿಂಗೆ?"

ಯಾರೋ ಒಬ್ಬ, ಕೊಪ್ಪಲಿನ ಕಡೆಯಿಂದ ಆಳೊಬ್ಬ ಬಿಂದಿಗೆ ತರುತ್ತಿದ್ದಾನೆ ಎಂದ. ಎಲ್ಲರೂ ಎದ್ದು ನೋಡಿದರು. ಆಳಲ್ಲ. ಮುಂಡಾಸು ಸುತ್ತಿದ ಆಸಾಮಿ, ಹೆಗಲ ಮೇಲೆ ತಾಮ್ರದ ಬಿಂದಿಗೆ, ನಡೆ ನಿಧಾನ. ನೀರು ತುಳುಕಿ ಅಂಗಿಯ ಒಂದು ಕಡೆ ಪೂರ್ತಿ ನೆನೆದಿತ್ತು. ಮನೆಯಿಂದ ಇಲ್ಲಿಗೆ ಒಂದು ಮೈಲಿ. ಷಡಕ್ಷರಪ್ಪ ಎದ್ದು ಅಪ್ಪನ ಕೈಯಿಂದ ತೆಗೆದುಕೊಳ್ಳಲು ಒಂದು ಹೆಜ್ಜೆ ಹೋದವನು ನಿಂತ.

ಚನ್ನಬಸವಯ್ಯ ಯಾರ ಮುಖವನ್ನೂ ನೋಡಲಿಲ್ಲ. ಜಾಡಿನಲ್ಲಿ ಬಂದವನು ಗಿಡ್ಡ ಕಲ್ಲುಗಳಿಗೆ ಹತ್ತು ಮಾರು ದೂರದಲ್ಲಿ ನಿಂತು ಬಿಂದಿಗೆ ಇಳಿಸಿದ. ನೆಲದ ಮೇಲೆ ಇಟ್ಟು, ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತ. ಕೈ ಎಲ್ಲಿಡಬೇಕೆಂದು ತಿಳಿಯದೆ ಹೆಗಲ ವಸ್ತ್ರದಿಂದ ಕತ್ತು ಒರೆಸಿಕೊಂಡ.

ಕೆಂಚಮ್ಮ ಕೂತಲ್ಲಿಂದ ಏಳಲಿಲ್ಲ. ಬಾಯಿಯ ತಂಬುಲ ಪಕ್ಕಕ್ಕೆ ಉಗಿದಳು.

"ಅಲ್ಲಿ ಯಾಕಿಟ್ಟೆ? ಹತ್ರ ತಗಂಬಾ. ಈಗ ನಮ್ಮೂರಲ್ಲಿ ಇಲಿ ಬಿದ್ದಿಲ್ಲ."

ಚನ್ನಬಸವಯ್ಯ ಮತ್ತೆ ಬಗ್ಗಿ ಬಿಂದಿಗೆ ಎತ್ತಿದ. ಹತ್ತು ಮಾರು ನಡೆಯಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಚಾಪೆಯ ಅಂಚಿಗೆ ಬಂದು ಮಂಡಿಯೂರಿ ಬಿಂದಿಗೆ ವಾಲಿಸಿದ. ಕೆಂಚಮ್ಮ ಎರಡೂ ಕೈ ಬೊಗಸೆ ಮಾಡಿ ಹಿಡಿದಳು. ಮೊದಲನೇ ಬೊಗಸೆಯನ್ನು ಅವ್ವನ ಕಲ್ಲಿನ ಮೇಲೆ ಹುಯ್ದಳು. ಆಮೇಲೆ ಒಂದೊಂದಾಗಿ ಉಳಿದ ನಾಲ್ಕಕ್ಕೂ ಹುಯ್ದಳು. ಆರನೆಯದನ್ನು ತಾನು ಕುಡಿದಳು.

"ಪಾನಕ ಮಾಡ್ಕೊಂಡು ಬರ್ಬೇಕಿತ್ತು" ಎಂದಳು. "ಬರೀ ನೀರು ತಂದಿದ್ದೀಯ."

"ಬೆಲ್ಲ ಮನೇಲೈತೆ" ಎಂದ ಚನ್ನಬಸವಯ್ಯ. "ಬನ್ನಿ, ಅಲ್ಲಿ ಕೊಡ್ತೀನಿ."

ಕೆಂಚಮ್ಮ ಮಂಡಿಗೆ ಕೈ ಕೊಟ್ಟು ಎದ್ದಳು. ಚಾಪೆ ಸುತ್ತಿ ಚನ್ನಬಸವಯ್ಯನ ಕೈಗೆ ಕೊಟ್ಟಳು, ಹೊತ್ತುಕೊಂಡು ಬರಲಿ ಎಂದು.

"ಓಲಗದೋರೇ, ನಿದ್ದೆ ಹೋದ್ರಾ?" ಎಂದು ಕೂಗಿದಳು. "ಊದ್ರಪ್ಪ, ಮುಹೂರ್ತ ಮೀರ್ತೈತೆ."